ದವಾಖಾನೆಯಲ್ಲಿ ನಿರ್ಲಕ್ಷ್ಯವಾದರೆ ಪರಿಹಾರ: ಕಾಗದ ಮೊದಲು, ಕೋರ್ಟು ಆಮೇಲೆ

ಮಹಾಗಾಂವ ಕ್ರಾಸಿನಲ್ಲಿ ಕಲಬುರಗಿ ಬಸ್ಸು ಹತ್ತುವವರಲ್ಲಿ ಒಬ್ಬರಾದರೂ ಎಕ್ಸ್‌ರೇ ಲಕೋಟೆ ಹಿಡಿದಿರುತ್ತಾರೆ. ಕಮಲಾಪುರ ತಾಲ್ಲೂಕಿನ ಯಾವ ಊರಿನಲ್ಲಿ ಯಾರಿಗೆ ದೊಡ್ಡ ಬೇನೆ ಬಂದರೂ ದಾರಿ ಒಂದೇ. ಮೊದಲು ಕಲಬುರಗಿ, ಅಲ್ಲಿ ಆಗದಿದ್ದರೆ ಸೊಲ್ಲಾಪುರ ಇಲ್ಲವೆ ಹೈದರಾಬಾದು. ತೊಗರಿ ಮಾರಿದ ದುಡ್ಡು, ಕೈಗಡ, ಹೊಲದ ಮೇಲೆ ತೆಗೆದ ಸಾಲ, ಎಲ್ಲ ನರ್ಸಿಂಗ್ ಹೋಮಿನ ಕೌಂಟರಿಗೆ ಹೋಗುತ್ತದೆ. ಇಷ್ಟು ಕೊಟ್ಟ ಮೇಲೂ ಮಲಗಿದ ಮುದುಕಿಯ ಮಗ್ಗುಲು ಯಾರೂ ಬದಲಿಸದೆ ಬೆನ್ನೆಲ್ಲ ಹುಣ್ಣಾದರೆ? ರಾತ್ರಿ ಕೂಗಿದರೂ ಯಾರೂ ಬಾರದೆ ಮಂಚದಿಂದ ಬಿದ್ದು ಸೊಂಟ ಮುರಿದರೆ? ಒಬ್ಬರಿಗೆ ಬರೆದ ಇಂಜೆಕ್ಷನ್ ಇನ್ನೊಬ್ಬರಿಗೆ ಚುಚ್ಚಿದರೆ?

ಸಾಮಾನ್ಯವಾಗಿ ಮನೆಯವರು ಹಣೆಬರಹ ಎಂದು ಸುಮ್ಮನಾಗುತ್ತಾರೆ. ಸಿಟ್ಟಿನವರು ಗಾಜು ಒಡೆಯುತ್ತಾರೆ. ಗಾಜು ಒಡೆದರೆ ಕೇಸು ತಿರುಗಿ ನಿಮ್ಮ ಮೇಲೆಯೇ ಬೀಳುತ್ತದೆ. ವೈದ್ಯಕೀಯ ಸಿಬ್ಬಂದಿಯ ರಕ್ಷಣೆಗೆಂದು 2009ರಲ್ಲಿ ಬಂದ ಕರ್ನಾಟಕದ ಕಾನೂನಿನಲ್ಲಿ 3 ವರ್ಷದವರೆಗೆ ಜೈಲು ಇದೆ, ಹಾಳಾದ ಸಾಮಾನಿನ ಬೆಲೆಯ ಎರಡು ಪಟ್ಟು ಕಟ್ಟಿಕೊಡಬೇಕಾಗುತ್ತದೆ. ಪರಿಹಾರ ಕೇಳಬೇಕಾದವರು ಆರೋಪಿಗಳಾಗಿ ನಿಲ್ಲುತ್ತಾರೆ.

ಕಾನೂನಿನ ದಾರಿ ಅಷ್ಟು ದೂರವೂ ಇಲ್ಲ, ದುಬಾರಿಯೂ ಅಲ್ಲ. ನಾವು ಫೀ ಕೊಟ್ಟು ಪಡೆದ ಚಿಕಿತ್ಸೆ ಒಂದು ಸೇವೆ. ಆ ಸೇವೆಯಲ್ಲಿ ಕೊರತೆಯಾದರೆ ಗ್ರಾಹಕರಾಗಿ ಪರಿಹಾರ ಕೇಳಬಹುದು. 1995ರ ನವೆಂಬರ್ 13ರಂದು ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥ ಮಾಡಿತು. ಈಗ ನಡೆಯುತ್ತಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ರೋಗಿ ತೀರಿಕೊಂಡಿದ್ದರೆ ಹೆಂಡತಿ, ಮಕ್ಕಳು, ಅಂದರೆ ಕಾನೂನಿನ ವಾರಸುದಾರರು ದೂರು ಕೊಡಬಹುದು. ಬಿಲ್ಲನ್ನು ವಿಮೆ ಕಂಪನಿ ಕಟ್ಟಿದ್ದರೂ ನೀವು ಗ್ರಾಹಕರೇ. ಆಯುಷ್ಮಾನ್ ಕಾರ್ಡಿನ ಮೇಲೆ ಖಾಸಗಿ ದವಾಖಾನೆ ಸೇರಿದವರಿಗೂ ಶಾಂತಾ ತೀರ್ಪನ್ನು ಹಿಡಿದು ವಾದಿಸಲು ಜಾಗವಿದೆ.

ಎಲ್ಲ ಸಾವೂ ನಿರ್ಲಕ್ಷ್ಯವಲ್ಲ. ಇದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ರೋಗ ಗುಣವಾಗಲಿಲ್ಲ ಎಂದ ಮಾತ್ರಕ್ಕೆ, ರೋಗಿ ಉಳಿಯಲಿಲ್ಲ ಎಂದ ಮಾತ್ರಕ್ಕೆ ವೈದ್ಯರು ತಪ್ಪಿತಸ್ಥರಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಅದೇ ವಿದ್ಯೆ ಕಲಿತ ಸಾಧಾರಣ ವೈದ್ಯರೊಬ್ಬರು ತೆಗೆದುಕೊಳ್ಳುವ ಎಚ್ಚರವನ್ನು ಇವರು ತೆಗೆದುಕೊಂಡರೇ ಎಂಬುದಷ್ಟೇ ಪ್ರಶ್ನೆ. ಯಾವ ಔಷಧ ಕೊಡಬೇಕಿತ್ತು ಎಂಬ ವಾದದಲ್ಲಿ ಇದನ್ನು ಸಾಧಿಸುವುದು ಕಷ್ಟ. ಆರೈಕೆಯ ಲೋಪದಲ್ಲಿ ಅಷ್ಟು ಕಷ್ಟವಿಲ್ಲ. ಹಾಸಿಗೆ ಹಿಡಿದವರ ಮಗ್ಗುಲನ್ನು ಸುಮಾರು ಎರಡು ಗಂಟೆಗೊಮ್ಮೆ ಬದಲಿಸಬೇಕು ಎಂಬುದು ನರ್ಸಿಂಗಿನ ಮೊದಲ ಪಾಠ. ಬದಲಿಸದಿದ್ದರೆ ಆಗುವುದೇ ಬೆಡ್‌ಸೋರ್, ಹಾಸಿಗೆ ಹುಣ್ಣು. ಸೇರಿಸುವಾಗ ಇಲ್ಲದ ಹುಣ್ಣು ಹತ್ತು ದಿನದಲ್ಲಿ ಮೂಳೆ ಕಾಣುವಷ್ಟು ಆಳವಾಗಿದ್ದರೆ ಉತ್ತರ ಕೊಡಬೇಕಾದವರು ದವಾಖಾನೆಯವರು. ಹೈದರಾಬಾದಿನ ನಿಖಿಲ್ ಆಸ್ಪತ್ರೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದೂ ಇದಕ್ಕೆ ಹೊಂದುತ್ತದೆ. ಮಲೇರಿಯಾ ಆಗಿದ್ದವರಿಗೆ ಟೈಫಾಯ್ಡ್ ಚಿಕಿತ್ಸೆ ಕೊಟ್ಟ ಪ್ರಕರಣ ಅದು. ತಪ್ಪು ಎದ್ದು ಕಾಣುವಾಗ ಪ್ರತಿ ಕೇಸಿನಲ್ಲೂ ತಜ್ಞ ವೈದ್ಯರ ಸಾಕ್ಷಿ ಬೇಕೆಂದು ಹಟ ಹಿಡಿಯಬಾರದು ಎಂದಿತು ಕೋರ್ಟು.

"ತಪ್ಪು ನರ್ಸಿನದು, ನಮ್ಮದಲ್ಲ" ಎಂದು ಮಾಲೀಕರು ಜಾರಿಕೊಂಡರೆ? ಆಗುವುದಿಲ್ಲ. ದಿಲ್ಲಿಯ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯಲ್ಲಿ ಅರ್ಹತೆಯಿಲ್ಲದ ನರ್ಸ್ ಕೊಟ್ಟ ಇಂಜೆಕ್ಷನ್‌ನಿಂದ ಮಗುವಿನ ಮಿದುಳಿಗೆ ಗುಣವಾಗದ ಹಾನಿಯಾಯಿತು. 1998ರಲ್ಲಿ ಸುಪ್ರೀಂ ಕೋರ್ಟ್ ಆಸ್ಪತ್ರೆಯನ್ನೇ ಹೊಣೆ ಮಾಡಿತು. ಮಗುವಿಗೆ 12.5 ಲಕ್ಷ ರೂಪಾಯಿ, ಅಪ್ಪ ಅಮ್ಮನ ಸಂಕಟಕ್ಕೆ ಬೇರೆಯಾಗಿ 5 ಲಕ್ಷ. ಮನೆಯವರ ನೋವಿಗೂ ಬೆಲೆಯಿದೆ ಎಂದು ತೋರಿಸಿದ್ದರಿಂದ ಈ ತೀರ್ಪನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಹೋಮಿಯೋಪತಿ ಓದಿ ಇಂಗ್ಲಿಷ್ ಔಷಧ ಕೊಟ್ಟರೆ ಅದೇ ನಿರ್ಲಕ್ಷ್ಯ, ಬೇರೆ ಪುರಾವೆ ಬೇಕಿಲ್ಲ ಎಂದು 1996ರ ಇನ್ನೊಂದು ತೀರ್ಪು ಹೇಳುತ್ತದೆ. ನಮ್ಮ ಕಡೆ ಇದು ಬಹಳ ಕೆಲಸಕ್ಕೆ ಬರುವ ಮಾತು.

ಇನ್ನು ಕಾಗದದ ವಿಷಯ. ಇಂಥ ಕೇಸು ಗೆಲ್ಲುವುದೂ ಸೋಲುವುದೂ ಮೊದಲ ಕೆಲವೇ ದಿನಗಳಲ್ಲಿ. ಕೇಸ್ ಶೀಟ್ ಎಂದರೆ ಯಾವ ಹೊತ್ತಿಗೆ ಯಾವ ಔಷಧ ಕೊಟ್ಟರು, ಯಾರು ಬಂದು ನೋಡಿದರು ಎಂದು ಬರೆದಿಡುವ ದಾಖಲೆ. ಅದರೊಳಗೇ ನರ್ಸಿನ ಟಿಪ್ಪಣಿ ಇರುತ್ತದೆ. ಮಗ್ಗುಲು ಬದಲಿಸಿದರೋ ಇಲ್ಲವೋ ಎಂಬುದು ಗೊತ್ತಾಗುವುದೇ ಅಲ್ಲಿ. ಡಿಸ್ಚಾರ್ಜ್ ಸಮ್ಮರಿ ಎಂಬ ಎರಡು ಹಾಳೆ ಕೈಗಿಟ್ಟರೆ ಅಷ್ಟಕ್ಕೇ ಸಮಾಧಾನಪಡಬೇಡಿ, ಪೂರ್ತಿ ಕೇಸ್ ಶೀಟಿನ ನಕಲು ಕೇಳಿ. ವೈದ್ಯರಿಗಾಗಿ 2002ರಲ್ಲಿ ಮಾಡಿದ ನಿಯಮದ ಪ್ರಕಾರ, ರೋಗಿ ಅಥವಾ ರೋಗಿಯ ಪರವಾಗಿ ಅಧಿಕಾರವಿರುವವರು ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು 3 ವರ್ಷ ಕಾಯ್ದಿಡಬೇಕು. ಬಾಯಿಮಾತಿನಲ್ಲಿ ಕೇಳಿದರೆ "ನಾಳೆ ಬರ್ರಿ" ಅನ್ನುತ್ತಾರೆ. ಹಾಳೆಯ ಮೇಲೆ ಬರೆದು ಕೊಡಿ, ಇನ್ನೊಂದು ಪ್ರತಿಯ ಮೇಲೆ ತಾರೀಖು, ಸಹಿ, ಶಿಕ್ಕಾ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ. ಕೊಡದೆ ಸತಾಯಿಸಿದರೆ ಅದೂ ಮುಂದೆ ಅವರ ವಿರುದ್ಧದ ಸಾಕ್ಷಿಯೇ.

ಹುಣ್ಣಿದ್ದರೆ, ಕೈ ಬಾತಿದ್ದರೆ ಅವತ್ತೇ ಫೋನಿನಲ್ಲಿ ಫೋಟೋ ತೆಗೆಯಿರಿ. ಫೋನಿನಲ್ಲಿ ತಾರೀಖು, ವೇಳೆ ತಾನೇ ದಾಖಲಾಗುತ್ತದೆ, ಮೂಲ ಚಿತ್ರವನ್ನು ಅಳಿಸಬೇಡಿ. ಔಷಧದಂಗಡಿಯ ಚೀಟಿ, ಲ್ಯಾಬ್ ವರದಿ, ಆಂಬುಲೆನ್ಸ್ ಬಾಡಿಗೆ ಎಲ್ಲವನ್ನೂ ಒಂದೇ ಕಡೆ ಇಡಿ. ಬಿಲ್ಲು ಕೊಡದೆ ಬಿಳಿ ಚೀಟಿಯ ಮೇಲೆ ದುಡ್ಡು ಕಟ್ಟಿಸಿಕೊಂಡಿದ್ದರೆ ಫೋನ್‌ಪೇ ಲೆಕ್ಕವಾದರೂ ಇರುತ್ತದೆ. ಪಕ್ಕದ ಮಂಚದವರ ಹೆಸರು, ಊರು, ನಂಬರು ಬರೆದುಕೊಳ್ಳಿ. ರಾತ್ರಿ ಏನಾಯಿತೆಂದು ಕಂಡವರು ಅವರೇ.

ಸಾವಾಗಿ ಅನುಮಾನ ಬಂದರೆ ಪೋಸ್ಟ್‌ಮಾರ್ಟಂ, ಅಂದರೆ ಮರಣೋತ್ತರ ಪರೀಕ್ಷೆ ಆಗಲೇಬೇಕು. ಹೆಣ ಕೊಯ್ಯುವುದು ಬೇಡವೆಂದು ಹಿರಿಯರು ತಡೆಯುತ್ತಾರೆ, ಆ ಸಂಕಟ ಅರ್ಥವಾಗುವಂಥದ್ದೇ. ಮಣ್ಣು ಮಾಡಿದ ಮೇಲೆ ಮಾತ್ರ ಸಾವಿನ ಕಾರಣ ಸಾಬೀತು ಮಾಡುವುದು ತೀರಾ ಕಷ್ಟ. ದವಾಖಾನೆ ಇರುವ ಸರಹದ್ದಿನ ಪೊಲೀಸ್ ಠಾಣೆಗೆ ಬರೆದು ಕೊಡಿ, ಮಹಾಗಾಂವ ಠಾಣೆಗೇ ಓಡಿಬರಬೇಕಿಲ್ಲ. ಬಾಕಿ ಬಿಲ್ಲಿಗಾಗಿ ಶವ ಒತ್ತೆ ಇಟ್ಟುಕೊಳ್ಳುವಂತಿಲ್ಲ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಇದನ್ನು ಹೇಳುತ್ತದೆ. ವೈದ್ಯರು ಮುಷ್ಕರ ಹೂಡಿ ವಿರೋಧಿಸಿದ್ದು ಇದೇ ತಿದ್ದುಪಡಿಯನ್ನು.

ಈ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವೊಂದಿದೆ. ಅರ್ಜಿಯನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೊಡಬೇಕು. ಅವರು ಕ್ರಮ ಜರುಗಿಸಬಹುದು, ನಿಮ್ಮ ಕೈಗೆ ಪರಿಹಾರ ಕೊಡಿಸುವುದಿಲ್ಲ. ಆದರೂ ಕೊಟ್ಟಿಡಿ. ನೋಂದಣಿ ಇತ್ತೇ, ನರ್ಸಿಗೆ ಅರ್ಹತೆ ಇತ್ತೇ ಎಂದು ಅವರು ವಿಚಾರಿಸಿ ವರದಿ ಬರೆದರೆ ಅದು ಮುಂದೆ ಗಟ್ಟಿ ಸಾಕ್ಷಿ. ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತು ವೈದ್ಯರ ನಡತೆಯನ್ನು ವಿಚಾರಿಸುತ್ತದೆ, ಅಲ್ಲೂ ದುಡ್ಡಿಲ್ಲ. ಪೊಲೀಸ್ ಕೇಸಿನಲ್ಲಿ ಶಿಕ್ಷೆ ಆಗಬಹುದು. ಆದರೆ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ನಂತರ ವೈದ್ಯರ ಮೇಲೆ ಕ್ರಿಮಿನಲ್ ಕೇಸು ನಿಲ್ಲಬೇಕಾದರೆ ನಿರ್ಲಕ್ಷ್ಯ ಬಹಳ ಘೋರವಾಗಿರಬೇಕು.

ಪರಿಹಾರದ ಹಣ ಕೊಡಿಸುವುದು ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. ಕಲಬುರಗಿಯಲ್ಲಿ ಅದು ಇದೆ. ದವಾಖಾನೆ ಸೊಲ್ಲಾಪುರದಲ್ಲಿದ್ದರೂ, ಹೈದರಾಬಾದಿನಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 2019ರ ಕಾಯ್ದೆ ತಂದ ದೊಡ್ಡ ಅನುಕೂಲ ಇದು. ಈಗ ದವಾಖಾನೆಯವರೇ ಇಲ್ಲಿಗೆ ಬರಬೇಕು. ದವಾಖಾನೆಗೆ ಕಟ್ಟಿದ ಮೊತ್ತ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ಸಾಕು.

ಫೀ ಎಷ್ಟು? ಇಲ್ಲಿ ಬಹಳ ಮಂದಿ ತಪ್ಪು ತಿಳಿದಿದ್ದಾರೆ. ನೀವು ಕೇಳುವ ಪರಿಹಾರದ ಮೇಲೆ ಫೀ ಇಲ್ಲ, ದವಾಖಾನೆಗೆ ನೀವು ಕಟ್ಟಿದ ಹಣದ ಮೇಲೆ ಫೀ. ಕಟ್ಟಿದ್ದು 5 ಲಕ್ಷದವರೆಗೆ ಇದ್ದರೆ ಏನೂ ಇಲ್ಲ. 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000. ಒಂದೂವರೆ ಲಕ್ಷ ಬಿಲ್ಲು ಕಟ್ಟಿ 15 ಲಕ್ಷ ಪರಿಹಾರ ಕೇಳಿದರೂ ಫೀ ಸೊನ್ನೆ. ವಕೀಲರು ಕಡ್ಡಾಯವಿಲ್ಲ, ನೀವೇ ನಿಂತು ಹೇಳಬಹುದು. ನನ್ನ ಮಾತು ಕೇಳಿದರೆ ವೈದ್ಯಕೀಯ ಕೇಸಿಗೆ ವಕೀಲರನ್ನು ಇಟ್ಟುಕೊಳ್ಳಿ, ಎದುರಿನವರ ಜೊತೆ ವಿಮೆ ಕಂಪನಿಯ ವಕೀಲರೂ ಇರುವುದುಂಟು. ಖರ್ಚಿಗೆ ಹಿಂಜರಿಕೆಯಿದ್ದರೆ ಕಲಬುರಗಿ ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಅಲ್ಲಿ ಪುಕ್ಕಟೆ ವಕೀಲರನ್ನು ಪಡೆಯಬಹುದು. ಹಾಗಾಗಿ ಮನೆಯ ಹೆಣ್ಣುಮಗಳ ಹೆಸರಿನಲ್ಲಿ ದೂರು ಕೊಡುವುದು ಜಾಣತನ. ಸಹಾಯವಾಣಿ 15100.

ಘಟನೆಯಾದ 2 ವರ್ಷದೊಳಗೆ ದೂರು ಬೀಳಬೇಕು. ಮೊದಲು ನೋಟಿಸ್ ಕೊಡುವುದು ಒಳ್ಳೆಯದು. ಆಮೇಲೆ ನಡೆದದ್ದನ್ನು ತಾರೀಖಿನ ಕ್ರಮದಲ್ಲಿ ಬರೆದು, ಅಫಿಡವಿಟ್ ಎಂಬ ಪ್ರಮಾಣಪತ್ರ ಸೇರಿಸಿ, ಕಾಗದಗಳ ನಕಲು ಲಗತ್ತಿಸಿ ಕೊಡಬೇಕು. ಆನ್‌ಲೈನಿನಲ್ಲಿ ಇ-ಜಾಗೃತಿ ಎಂಬ ಸರ್ಕಾರಿ ಜಾಲತಾಣವಿದೆ. ಎದುರಿನವರು 30 ದಿನದಲ್ಲಿ ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನು 15 ದಿನ. ತೀರ್ಮಾನಕ್ಕೆ ಕಾಯ್ದೆ ಹೇಳುವ ಗಡುವು 3 ತಿಂಗಳು. ಅದನ್ನು ನಂಬಿ ಕುಳಿತುಕೊಳ್ಳಬೇಡಿ, ವೈದ್ಯಕೀಯ ಕೇಸುಗಳು ವರ್ಷಗಟ್ಟಲೆ ಎಳೆಯುತ್ತವೆ. ನಿರ್ಲಕ್ಷ್ಯದಿಂದ ಸಾವು ಅಥವಾ ತೀವ್ರ ಗಾಯ ಆಗಿರದ ಕೇಸಾದರೆ ನಡುವೆ ಮಧ್ಯಸ್ಥಿಕೆಗೆ, ಅಂದರೆ ಇಬ್ಬರನ್ನೂ ಕೂಡಿಸಿ ಮಾತಾಡಿಸಲು ಆಯೋಗ ಸೂಚಿಸಬಹುದು. ಮೊತ್ತ ನ್ಯಾಯವಾಗಿದ್ದರೆ ಒಪ್ಪಿಕೊಳ್ಳುವುದರಲ್ಲಿ ಸೋಲೇನಿಲ್ಲ.

ಎಷ್ಟು ಸಿಗುತ್ತದೆ? ಖರ್ಚಾದ ಹಣ, ಮುಂದಿನ ಚಿಕಿತ್ಸೆ, ನಿಂತುಹೋದ ದುಡಿಮೆ, ನೋವು, ಕೇಸಿನ ಖರ್ಚು ಎಲ್ಲ ಲೆಕ್ಕಕ್ಕೆ ಬರುತ್ತವೆ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ 1990ರಲ್ಲಿ ಎದೆಯ ಗಡ್ಡೆಯ ಶಸ್ತ್ರಚಿಕಿತ್ಸೆಯಾಗಿ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಬಂದು ಸುಪ್ರೀಂ ಕೋರ್ಟಿನಲ್ಲಿ ತಮ್ಮ ವಾದವನ್ನು ತಾವೇ ಮಂಡಿಸಿದರು. 2009ರಲ್ಲಿ 1 ಕೋಟಿ ರೂಪಾಯಿ ಮತ್ತು ಬಡ್ಡಿ ಸಿಕ್ಕಿತು. ಕೋಲ್ಕತ್ತದ ಆಮ್ರಿ ಆಸ್ಪತ್ರೆ ಪ್ರಕರಣದಲ್ಲಿ 2013ರಲ್ಲಿ ಸುಮಾರು 6 ಕೋಟಿ. ಇವನ್ನು ನೋಡಿ ಆಸೆ ಬೆಳೆಸಿಕೊಳ್ಳಬೇಡಿ. ದುಡಿಮೆಯ ಲೆಕ್ಕ ಹಾಕುವುದರಿಂದ ಎಪ್ಪತ್ತು ದಾಟಿದವರ ಕೇಸಿನಲ್ಲಿ ಮೊತ್ತ ಕಡಿಮೆಯೇ ಬರುತ್ತದೆ. ಮುದುಕರ ಜೀವಕ್ಕೆ ಬೆಲೆ ಕಮ್ಮಿಯೇ ಎಂದು ಕೇಳಬೇಕೆನಿಸುತ್ತದೆ. ಅವರ ದುಡಿಮೆಯನ್ನೂ ದೂರಿನಲ್ಲಿ ಬರೆಯಿರಿ. ಹೊಲಕ್ಕೆ ಹೋಗುತ್ತಿದ್ದರೇ, ಎಮ್ಮೆ ನೋಡಿಕೊಳ್ಳುತ್ತಿದ್ದರೇ, ಮೊಮ್ಮಕ್ಕಳನ್ನು ಸಾಕುತ್ತಿದ್ದರೇ, ಬರೆಯದಿದ್ದರೆ ಆಯೋಗಕ್ಕೆ ಹೇಗೆ ತಿಳಿಯಬೇಕು?

"ನಾವು ಎಲ್ಲದಕ್ಕೂ ಸಹಿ ಹಾಕಿ ಕೊಟ್ಟೀವಲ್ರಿ" ಎಂಬುದು ದೊಡ್ಡ ಭಯ. ಒಪ್ಪಿಗೆ ಪತ್ರದ ಸಹಿ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ, ನಿರ್ಲಕ್ಷ್ಯಕ್ಕೆ ಕೊಟ್ಟದ್ದಲ್ಲ. ಎಚ್ಚರವಿರಬೇಕಾದದ್ದು ಇನ್ನೊಂದು ಸಹಿಗೆ. ವೈದ್ಯರ ಸಲಹೆ ಮೀರಿ ನಾವಾಗಿಯೇ ಕರೆದುಕೊಂಡು ಹೋಗುತ್ತಿದ್ದೇವೆ ಎಂಬ ಹಾಳೆ ಕೇಸನ್ನು ಸಡಿಲ ಮಾಡುತ್ತದೆ. ಬೇರೆ ದವಾಖಾನೆಗೆ ಒಯ್ಯುವುದಿದ್ದರೆ ರೆಫರಲ್ ಚೀಟಿ ಬರೆಸಿಕೊಂಡು ಒಯ್ಯಿರಿ.

ಕಲಬುರಗಿಯ ಜಿಮ್ಸ್‌ನಂಥ ಸರ್ಕಾರಿ ದವಾಖಾನೆಯಲ್ಲಿ ಹೀಗಾದರೆ? ಎಲ್ಲರಿಗೂ ಪುಕ್ಕಟೆ ನೋಡುವ ಕಡೆ ಗ್ರಾಹಕ ಕಾಯ್ದೆ ನಡೆಯುವುದಿಲ್ಲ. ಹೆಸರು ಬರೆಸುವ ಚಿಲ್ಲರೆ ಫೀ ಕೊಟ್ಟರೂ ಅಷ್ಟೇ. ಅಲ್ಲಿ ಸಿವಿಲ್ ದಾವೆ, ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ರಿಟ್ ಅರ್ಜಿ, ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಎಂಬ ದಾರಿಗಳಿವೆ. ದುಡ್ಡು ಕಟ್ಟಿ ಇರಿಸಿದ ವೃದ್ಧಾಶ್ರಮ, ಏಜೆನ್ಸಿಯಿಂದ ಮನೆಗೆ ಕರೆಸಿದ ನರ್ಸ್, ಇವೆರಡೂ ಫೀ ಕೊಟ್ಟು ಪಡೆದ ಸೇವೆಯೇ. ಗ್ರಾಹಕ ಆಯೋಗದ ಬಗ್ಗೆ ಹೇಳಿದ್ದೆಲ್ಲ ಅವಕ್ಕೂ ಹೊಂದುತ್ತದೆ. ಸೇರಿಸುವಾಗಿನ ಕರಾರು ಪತ್ರ, ತಿಂಗಳ ರಸೀದಿ ಮಾತ್ರ ಕೈಯಲ್ಲಿರಬೇಕು.

ಕಹಿಯಾದ ಒಂದು ಮಾತೂ ಇದೆ. ಮುದುಕರನ್ನು ದವಾಖಾನೆಯಲ್ಲಿ ಬಿಟ್ಟುಹೋದವರು ಮಕ್ಕಳೇ ಆಗಿದ್ದರೆ? ಹೆತ್ತವರನ್ನು ಸರ್ಕಾರಿ ದವಾಖಾನೆಗೆ ಸೇರಿಸಿ ಮಾಯವಾಗುವವರು ಹೆಚ್ಚಿದ್ದಾರೆಂದು 2025ರ ಮಾರ್ಚ್‌ನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ, ನಮ್ಮ ಸೇಡಂನ ಶಾಸಕ ಶರಣಪ್ರಕಾಶ ಪಾಟೀಲ ಅಧಿಕಾರಿಗಳಿಗೆ ಎಚ್ಚರಿಸಿದರು. ಬೆಳಗಾವಿಯ ಬಿಮ್ಸ್ ಒಂದರಲ್ಲೇ ಇಂಥ 150ಕ್ಕೂ ಹೆಚ್ಚು ಪ್ರಕರಣಗಳಿದ್ದವು. ಇಲ್ಲಿ ಕೆಲಸಕ್ಕೆ ಬರುವುದು 2007ರ ಹಿರಿಯ ನಾಗರಿಕರ ಕಾಯ್ದೆ. ಅರ್ಜಿ ಕೊಡಬೇಕಾದದ್ದು ಸಹಾಯಕ ಆಯುಕ್ತರ ಕಚೇರಿಯ ನ್ಯಾಯಮಂಡಳಿಗೆ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹೊಲ ಮನೆ ದಾನಪತ್ರ ಮಾಡಿಕೊಟ್ಟು, ಮಕ್ಕಳು ನೋಡಿಕೊಳ್ಳದಿದ್ದರೆ ಆ ಪತ್ರವನ್ನೇ ರದ್ದು ಮಾಡಿಸಬಹುದು. ಆ ಷರತ್ತನ್ನು ಪತ್ರದಲ್ಲಿ ಬರೆಸಿಯೇ ಸಹಿ ಮಾಡಿ. ಹಿರಿಯರ ಸಹಾಯವಾಣಿ 14567.

ಆಯೋಗದಲ್ಲಿ ಗೆದ್ದ ಮೇಲೂ ಎದುರಿನವರು ದುಡ್ಡು ಕೊಡದಿದ್ದರೆ ಎಂಬ ಕೊನೆಯ ಅನುಮಾನ ಉಳಿಯಿತು. ಅವರು 45 ದಿನದಲ್ಲಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಆದರೆ ಅರ್ಧ ಹಣವನ್ನು ಮೊದಲೇ ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲದೆ ಹಣವೂ ಇಲ್ಲದೆ ಕುಳಿತರೆ ಅದೇ ಜಿಲ್ಲಾ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ 1 ತಿಂಗಳಿಂದ 3 ವರ್ಷದವರೆಗೆ ಜೈಲು, ಇಲ್ಲವೆ 25,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸುವ ಅಧಿಕಾರ ಆಯೋಗಕ್ಕಿದೆ. ದೂರು ಎಲ್ಲಿಂದ ಶುರು ಮಾಡಬೇಕೆಂದೇ ತೋಚದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ, ಕನ್ನಡದಲ್ಲೇ ಮಾತಾಡಬಹುದು.