ನಮ್ಮ ನೆಲದ ಎಣ್ಣೆ: ಮನೆಗೋ, ಪೇಟೆಗೋ?

ಉಪ್ಪಿನಂಗಡಿಯಿಂದ ನೆಲ್ಯಾಡಿ, ಗುಂಡ್ಯದ ಕಡೆಗೆ ಬಸ್ಸಿನಲ್ಲಿ ಪ್ರಯಾಣ ಮಾಡುವ ವಿದ್ಯಾರ್ಥಿಗಳಿಗೆ ಶಿರಾಡಿ ಘಾಟಿಯನ್ನು ಏದುಸಿರು ಬಿಡುತ್ತ ಏರುವ ಟ್ಯಾಂಕರ್ ಲಾರಿಗಳು ಹೊಸತಲ್ಲ. ಪುತ್ತೂರು, ಸುಳ್ಯ ದಾಟಿ ಸಂಪಾಜೆಯ ಮೂಲಕ ಮಡಿಕೇರಿಗೆ ಹೋಗುವ ರಸ್ತೆಯಲ್ಲೂ ಅವು ಕಾಣಸಿಗುತ್ತವೆ. ಡೀಸೆಲ್ ದರ ಏರಿದಾಗಲೆಲ್ಲ ನಿಮ್ಮಲ್ಲಿ ಕೆಲವರಿಗಾದರೂ ಒಂದು ಪ್ರಶ್ನೆ ಹುಟ್ಟಿರಬೇಕು. ನಮ್ಮ ದೇಶದಲ್ಲೇ ತೈಲಬಾವಿಗಳು ಇವೆಯಲ್ಲ, ಆ ಎಣ್ಣೆಯನ್ನು ನಮಗೇ ಅಗ್ಗವಾಗಿ ಕೊಟ್ಟರೆ ಕಡಬದ ಬಸ್ಸಿನ ಟಿಕೆಟ್ಟು ಏಕೆ ದುಬಾರಿಯಾಗಬೇಕು? ಎಲ್ಲೋ ಅರಬ್ ದೇಶದಲ್ಲಿ ಯುದ್ಧವಾದರೆ ನಮ್ಮ ನೆಲದ ಎಣ್ಣೆಯ ಬೆಲೆ ಏಕೆ ಏರಬೇಕು?

ಪ್ರಶ್ನೆ ನ್ಯಾಯವಾದುದು. ಉತ್ತರಕ್ಕಾಗಿ ಮೊದಲು ನಿಮ್ಮ ತೋಟಕ್ಕೇ ಹೋಗೋಣ. ಪುತ್ತೂರು ಸೀಮೆಯ ತೋಟದಲ್ಲಿ ಅಡಿಕೆ ಇದೆ, ಅದರ ನೆರಳಿನಲ್ಲಿ ಕೊಕ್ಕೋ ಇದೆ, ಗುಡ್ಡದ ಕಡೆ ರಬ್ಬರ್ ಇದೆ. ಮೂರೂ ಒಂದೇ ಮಣ್ಣಿನ ಬೆಳೆಗಳು. ಆದರೆ ಮೂರರ ಬೆಲೆಯೂ ಒಂದೇ ರೀತಿಯಲ್ಲಿ ಹುಟ್ಟುವುದಿಲ್ಲ. ಅಡಿಕೆಗೆ ಸರ್ಕಾರ ಬೇಲಿ ಹಾಕಿದೆ. ವಿದೇಶಿ ಅಡಿಕೆಗೆ ಭಾರಿ ಸುಂಕವಿದೆ. ಅದರ ಜೊತೆಗೆ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ ಕಿಲೋಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಲಾಯಿತು. ಕೊಕ್ಕೋದ ಕಥೆ ಬೇರೆ. ಕ್ಯಾಂಪ್ಕೋ ಸಂಸ್ಥೆ 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆ ಆರಂಭಿಸಿತು; ನಮ್ಮ ಕೊಕ್ಕೋಗೆ ಮನೆಬಾಗಿಲಲ್ಲೇ ಗಿರಾಕಿ ಸಿಕ್ಕಂತಾಯಿತು. ಆದರೂ 2024ರಲ್ಲಿ ಪಶ್ಚಿಮ ಆಫ್ರಿಕದ ಘಾನಾ, ಐವರಿ ಕೋಸ್ಟ್ ದೇಶಗಳಲ್ಲಿ ಫಸಲು ಕೆಟ್ಟು, ನ್ಯೂಯಾರ್ಕ್ ಪೇಟೆಯಲ್ಲಿ ಕೊಕ್ಕೋ ಟನ್ನಿಗೆ 10,000 ಡಾಲರ್ ದಾಟಿದಾಗ, ಪುತ್ತೂರಿನ ಹಸಿ ಬೀಜದ ಬೆಲೆಯೂ ಹಿಂದೆಂದೂ ಕಾಣದಷ್ಟು ಮೇಲೇರಿತು. ಬೀಜ ಪುತ್ತೂರಿನಲ್ಲೇ ಇತ್ತು, ಬೆಲೆ ಮಾತ್ರ ಆಫ್ರಿಕದ ಮಳೆಯನ್ನು ಹಿಂಬಾಲಿಸಿತು.

ಭಾರತದ ಕಚ್ಚಾ ತೈಲ ಇವೆರಡರ ವಿಚಿತ್ರ ಬೆರಕೆ. ಅದರ ಒಡಲು ಅಡಿಕೆಯ ಹಾಗೆ ಬೇಲಿಯ ಒಳಗೆ, ಅದರ ಬೆಲೆ ಕೊಕ್ಕೋದ ಹಾಗೆ ಬೇಲಿಯ ಹೊರಗೆ.

ಬೇಲಿಯ ವಿಷಯವನ್ನು ಮೊದಲು ನೋಡೋಣ. ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಷ್ಟು ಹಿಂದೆಯೇ ಎಣ್ಣೆ ಸಿಕ್ಕಿತು. 1974ರಲ್ಲಿ ಅರಬ್ಬೀ ಸಮುದ್ರದ ತಳದಲ್ಲಿ ಬಾಂಬೆ ಹೈ ಪತ್ತೆಯಾಯಿತು. 2004ರಲ್ಲಿ ರಾಜಸ್ಥಾನದ ಬಾಡಮೇರ್ ಮರುಭೂಮಿಯಲ್ಲಿ ದೊಡ್ಡ ನಿಕ್ಷೇಪವೊಂದು ದೊರೆತು, ಅದಕ್ಕೆ ‘ಮಂಗಳಾ’ ಎಂದು ಹೆಸರಿಡಲಾಯಿತು. ನಮ್ಮ ಮಂಗಳೂರಿಗೂ ಆ ಹೆಸರಿಗೂ ಸಂಬಂಧವಿಲ್ಲ; ಆದರೆ ಆ ಎಣ್ಣೆಯ ಖರೀದಿದಾರರಲ್ಲಿ ಒಬ್ಬರೆಂದು ಕೇಂದ್ರ ಸರ್ಕಾರ ಹೆಸರಿಸಿದ್ದು ಮಂಗಳೂರು ಶುದ್ಧೀಕರಣಾಗಾರವನ್ನು, ಅಂದರೆ ಎಂಆರ್‌ಪಿಎಲ್ ಅನ್ನು. 2009ರ ಆಗಸ್ಟಿನಲ್ಲಿ ಅಲ್ಲಿ ಉತ್ಪಾದನೆ ಆರಂಭವಾಯಿತು.

ಬಾಡಮೇರ್ ಎಣ್ಣೆ ತೆಗೆಯುತ್ತಿದ್ದ ಕೆಯಿರ್ನ್ ಇಂಡಿಯಾ ಕಂಪನಿ ಮುಂದೆ ಒಂದು ತಗಾದೆ ತೆಗೆಯಿತು. ಸರ್ಕಾರಿ ಕಂಪನಿಗಳು ಎತ್ತಿಕೊಳ್ಳದೆ ಉಳಿಸಿದ ಎಣ್ಣೆಯನ್ನು ದೇಶದ ಖಾಸಗಿ ಶುದ್ಧೀಕರಣಾಗಾರಗಳಿಗೆ ಕಡಿಮೆ ಬೆಲೆಗೆ ಮಾರಬೇಕಾಗಿದೆ, ಹೊರದೇಶದಲ್ಲಿ ಹೆಚ್ಚು ಸಿಗುತ್ತದೆ, ಆದ್ದರಿಂದ ರಫ್ತಿಗೆ ಅನುಮತಿ ಕೊಡಿ ಎಂಬುದು ಅದರ ವಾದ. ವಿಷಯ ದೆಹಲಿ ಹೈಕೋರ್ಟಿಗೆ ಹೋಯಿತು. 2016ರ ಅಕ್ಟೋಬರಿನಲ್ಲಿ ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. ದೇಶ ತೈಲದಲ್ಲಿ ಸ್ವಾವಲಂಬಿ ಆಗುವವರೆಗೆ ಇಲ್ಲಿ ತೆಗೆದ ಎಣ್ಣೆ ಇಲ್ಲೇ ಮಾರಾಟವಾಗಬೇಕು ಎಂಬುದು ಒಪ್ಪಂದದ ತಿರುಳಾಗಿತ್ತು. 2022ರ ಅಕ್ಟೋಬರ್ 1ರಿಂದ ಉತ್ಪಾದಕರು ತಮಗೆ ಬೇಕಾದ ದೇಶೀಯ ಗಿರಾಕಿಗೆ ಮಾರಬಹುದು ಎಂದು ಕೇಂದ್ರ ಸಚಿವ ಸಂಪುಟ ಸಡಿಲಿಕೆ ಕೊಟ್ಟಾಗಲೂ ರಫ್ತಿನ ಬಾಗಿಲನ್ನು ಮಾತ್ರ ತೆರೆಯಲಿಲ್ಲ.

ಹಾಗಾದರೆ ಎಣ್ಣೆ ಮನೆಯಲ್ಲೇ ಉಳಿಯಿತು. ಬೆಲೆ? ಬಾಡಮೇರ್ ಎಣ್ಣೆಗೆ ಬೆಲೆ ಕಟ್ಟುವಾಗ ಅಳತೆಗೋಲಾದದ್ದು ನೈಜೀರಿಯದ ‘ಬಾನಿ ಲೈಟ್’ ಎಂಬ ತೈಲ. ನಮ್ಮದರಲ್ಲಿ ಮೇಣದಂಶ ಹೆಚ್ಚು ಎಂಬ ಕಾರಣಕ್ಕೆ ಅದರಲ್ಲಿ ಒಂದಿಷ್ಟು ಕಡಿತ. ರಾಜಸ್ಥಾನದಲ್ಲಿ ಹುಟ್ಟಿ ಭಾರತದಲ್ಲೇ ಉರಿದುಹೋಗುವ ಎಣ್ಣೆಗೆ ಆಫ್ರಿಕದ ಎಣ್ಣೆಯ ದರಪಟ್ಟಿ!

ಇದು ಅನ್ಯಾಯವೆಂದು ತೋರಬಹುದು. ಹಿಂದೆ ಹೀಗಿರಲಿಲ್ಲ ಎಂಬುದೂ ನಿಜ. 2002ರ ಮಾರ್ಚಿನವರೆಗೆ ನಮ್ಮಲ್ಲಿ ನಿಯಂತ್ರಿತ ಬೆಲೆ ಪದ್ಧತಿ ಇತ್ತು. ಒಎನ್‌ಜಿಸಿಯಂತಹ ಸಂಸ್ಥೆಗೆ ಖರ್ಚಿನ ಮೇಲೆ ಇಷ್ಟು ಲಾಭ ಎಂದು ಲೆಕ್ಕ ಹಾಕಿ ಬೆಲೆ ಕೊಡಲಾಗುತ್ತಿತ್ತು. ಅದು ರದ್ದಾದ ಮೇಲೂ, 2003–04ರಿಂದ ಸುಮಾರು ಹತ್ತು ವರ್ಷಕ್ಕೂ ಹೆಚ್ಚು ಕಾಲ, ಸೀಮೆಎಣ್ಣೆ, ಅಡುಗೆ ಅನಿಲ, ಡೀಸೆಲ್ ಅಗ್ಗವಾಗಿರಲೆಂದು ಒಎನ್‌ಜಿಸಿ ತನ್ನ ಎಣ್ಣೆಯನ್ನು ರಿಯಾಯಿತಿ ದರದಲ್ಲಿ ಕೊಡಬೇಕಾಗಿತ್ತು. ಹೀಗೆ ಬಿಟ್ಟುಕೊಟ್ಟ ಹಣ ಹೊಸ ಬಾವಿ ಕೊರೆಯಲು ಸಿಗಲಿಲ್ಲ. ಹಳೆಯ ಬಾವಿಗಳಿಗೆ ವಯಸ್ಸಾಗುತ್ತಿತ್ತು. ಇಳುವರಿ ಕುಸಿಯಲು ಇದೊಂದೇ ಕಾರಣವಲ್ಲ, ಆದರೆ ಅಡಿಕೆಮರಕ್ಕೆ ಗೊಬ್ಬರ ಹಾಕದೆ ಕೊನೆ ಮಾತ್ರ ಕೊಯ್ಯುತ್ತ ಹೋದರೆ ಏನಾಗುತ್ತದೆ ಎಂಬುದನ್ನು ಕೃಷಿಕರ ಮಕ್ಕಳಿಗೆ ವಿವರಿಸಬೇಕಾಗಿಲ್ಲ.

ಈಗ ಸ್ವಲ್ಪ ಗಣಿತ. 2023–24ರಲ್ಲಿ ಭಾರತ ತೆಗೆದ ಕಚ್ಚಾ ತೈಲ ಸುಮಾರು 2.9 ಕೋಟಿ ಟನ್. ಅದೇ ವರ್ಷ ನಮ್ಮ ಶುದ್ಧೀಕರಣಾಗಾರಗಳು ಸಂಸ್ಕರಿಸಿದ್ದು ಸುಮಾರು 26 ಕೋಟಿ ಟನ್. ಮಂಗಳೂರಿನ ಎಂಆರ್‌ಪಿಎಲ್ ಒಂದರ ಸಾಮರ್ಥ್ಯವೇ ವರ್ಷಕ್ಕೆ 1.5 ಕೋಟಿ ಟನ್. ಎಂದರೆ ಇಡೀ ದೇಶದ ಎಣ್ಣೆಬಾವಿಗಳೆಲ್ಲ ಸೇರಿ ಮಂಗಳೂರಿನಂತಹ ಎರಡು ಶುದ್ಧೀಕರಣಾಗಾರಗಳ ಹೊಟ್ಟೆಯನ್ನೂ ತುಂಬಿಸಲಾರವು. ನೂರು ಲೀಟರಿನಲ್ಲಿ ನಮ್ಮದು ಹನ್ನೆರಡು ಲೀಟರ್ ಎಂದಿಟ್ಟುಕೊಳ್ಳಿ. ಆ ಹನ್ನೆರಡನ್ನು ಅರ್ಧ ಬೆಲೆಗೇ ಕೊಟ್ಟರೂ ಒಟ್ಟು ಕಚ್ಚಾ ತೈಲದ ಸರಾಸರಿ ಬೆಲೆ ಇಳಿಯುವುದು ನೂರಕ್ಕೆ ಆರರಷ್ಟು. ಬಂಕಿನ ದರದಲ್ಲಿ ಕಚ್ಚಾ ತೈಲದ ಜೊತೆಗೆ ತೆರಿಗೆ, ಸಾಗಾಟ, ವಿತರಕರ ಪಾಲು ಎಲ್ಲವೂ ಇರುವುದರಿಂದ ಅಲ್ಲಿ ಇಳಿಕೆ ಇನ್ನೂ ಕಡಿಮೆ. ಬಸ್ಸಿನ ಟಿಕೆಟ್ಟಿಗೆ ಬರುವಷ್ಟರಲ್ಲಿ ಅದು ಕರಗಿಯೇ ಹೋಗುತ್ತದೆ. ಇತ್ತ, ಆ ಎಣ್ಣೆ ಪೂರ್ಣ ಬೆಲೆಗೆ ಮಾರಾಟವಾದಾಗ ಸರ್ಕಾರಕ್ಕೆ ಸೆಸ್ಸು, ರಾಯಲ್ಟಿ, ಲಾಭಾಂಶದ ರೂಪದಲ್ಲಿ ಹಣ ಬರುತ್ತದೆ. ಆ ಹಣ ಜನರಿಗೆ ಮರಳಿ ತಲಪುತ್ತದೆಯೇ ಎಂದು ಕೇಳುವುದು, ನನ್ನ ಮಟ್ಟಿಗೆ, ಎಣ್ಣೆಯನ್ನು ಅಗ್ಗವಾಗಿ ಕೊಡಿ ಎನ್ನುವುದಕ್ಕಿಂತ ಹರಿತವಾದ ಪ್ರಶ್ನೆ.

ಇನ್ನೊಂದು ಬಾಗಿಲಿನ ಮಾತು ಬಾಕಿ ಇದೆ. ಕಚ್ಚಾ ತೈಲ ಹೊರಹೋಗುವಂತಿಲ್ಲ ಎಂದೆವು. ಆದರೆ ಅದನ್ನು ಸಂಸ್ಕರಿಸಿ ಡೀಸೆಲ್, ಪೆಟ್ರೋಲ್, ವಿಮಾನ ಇಂಧನವಾಗಿ ಮಾಡಿದ ಮೇಲೆ ಹೋಗಬಹುದು! 1996ರಲ್ಲಿ ಕೆಲಸ ಆರಂಭಿಸಿ 2003ರಲ್ಲಿ ಒಎನ್‌ಜಿಸಿಯ ಅಂಗಸಂಸ್ಥೆಯಾದ ಎಂಆರ್‌ಪಿಎಲ್, ಪಣಂಬೂರಿನ ನವಮಂಗಳೂರು ಬಂದರಿನ ಮೂಲಕ ಮಾರಿಷಸ್ ದ್ವೀಪಕ್ಕೆ 2007ರಿಂದ ಹಲವು ವರ್ಷ ಇಂಧನ ಪೂರೈಸಿತು. ಅದೇ ಸ್ಥಾವರದ ಸರಕು 2003ರಿಂದ ಮಂಗಳೂರು–ಹಾಸನ–ಬೆಂಗಳೂರು ಕೊಳವೆಯಲ್ಲಿ ಘಟ್ಟವನ್ನೂ ಹತ್ತುತ್ತದೆ. ಸ್ಥಾವರಕ್ಕೆ ಬೇಕಾದ ನೀರಿನ ಒಂದು ಪಾಲು ಬರುವುದು ನೇತ್ರಾವತಿಯ ಸರಪಾಡಿಯಿಂದ. ಸುಬ್ರಹ್ಮಣ್ಯದ ಕಡೆಯಿಂದ ಕಡಬ ತಾಲೂಕನ್ನು ಹಾದು ಬರುವ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿರುವುದರಿಂದ ನಿಮ್ಮೂರಿನ ಮಳೆನೀರೂ ಆ ಡೀಸೆಲಿನ ತಯಾರಿಯಲ್ಲಿ ಪಾಲುದಾರ. 2019ರ ಮೇ ತಿಂಗಳಲ್ಲಿ ನದಿ ಬತ್ತಿದಾಗ ಸ್ಥಾವರದ ಕೆಲವು ಘಟಕಗಳನ್ನೇ ನಿಲ್ಲಿಸಬೇಕಾಯಿತು.

ಈ ಬಾಗಿಲನ್ನು ಸರ್ಕಾರ ಒಮ್ಮೆ ಅರ್ಧ ಮುಚ್ಚಿದ್ದೂ ಉಂಟು. ಉಕ್ರೇನ್ ಯುದ್ಧದಿಂದ ಬೆಲೆ ಗಗನಕ್ಕೇರಿದ್ದ 2022ರಲ್ಲಿ, ಜುಲೈ 1ರಿಂದ, ದೇಶದಲ್ಲಿ ತೆಗೆದ ಕಚ್ಚಾ ತೈಲಕ್ಕೆ ಟನ್ನಿಗೆ 23,250 ರೂಪಾಯಿ, ರಫ್ತಾಗುವ ಡೀಸೆಲಿಗೆ ಲೀಟರಿಗೆ 13 ರೂಪಾಯಿ, ಪೆಟ್ರೋಲಿಗೆ 6 ರೂಪಾಯಿ ಹೆಚ್ಚುವರಿ ತೆರಿಗೆ ಹಾಕಲಾಯಿತು. ಬೆವರು ಸುರಿಸದೆ ಬಂದ ಲಾಭದಲ್ಲಿ ಜನರಿಗೂ ಪಾಲಿರಲಿ ಎಂಬುದು ಅದರ ತರ್ಕ. ಹಲವು ಬಾರಿ ಏರಿಳಿದು, 2024ರ ಡಿಸೆಂಬರಿನಲ್ಲಿ ಆ ತೆರಿಗೆ ರದ್ದಾಯಿತು.

ಅಮೆರಿಕವೂ ಇಂಥದೇ ಬೇಲಿ ಹಾಕಿ ನೋಡಿತ್ತು. 1973ರ ತೈಲ ಬಿಕ್ಕಟ್ಟಿನ ಬಳಿಕ, 1975ರಲ್ಲಿ, ಕಚ್ಚಾ ತೈಲದ ರಫ್ತನ್ನು ಬಹುಮಟ್ಟಿಗೆ ನಿಷೇಧಿಸಿದ ಆ ದೇಶ ನಲವತ್ತು ವರ್ಷಗಳ ನಂತರ, 2015ರ ಡಿಸೆಂಬರಿನಲ್ಲಿ, ನಿಷೇಧ ತೆಗೆಯಿತು. ನಿಷೇಧ ಇದ್ದ ಕಾಲದಲ್ಲೂ ಅಲ್ಲಿನ ಪೆಟ್ರೋಲ್ ದರ ಪ್ರಪಂಚದ ಬೆಲೆಯ ಜೊತೆಗೇ ಏರಿಳಿಯುತ್ತಿತ್ತು.

ಸುಳ್ಯದ ರಬ್ಬರಿನ ವಿಷಯ ಹೇಳಲು ಉಳಿಯಿತು. ಕೃತಕ ರಬ್ಬರ್ ತಯಾರಾಗುವುದು ಪೆಟ್ರೋಲಿಯಂನಿಂದ. ಎಣ್ಣೆ ಅಗ್ಗವಾದರೆ ಕೃತಕ ರಬ್ಬರೂ ಅಗ್ಗ, ಆಗ ಮರದ ಹಾಲನ್ನು ಕೇಳುವವರು ಕಡಿಮೆ. 2016ರ ಆರಂಭದಲ್ಲಿ ಕಚ್ಚಾ ತೈಲ ಬ್ಯಾರಲಿಗೆ, ಅಂದರೆ 159 ಲೀಟರಿಗೆ, 30 ಡಾಲರಿಗಿಂತ ಕೆಳಗಿಳಿದಿತ್ತು. ಅದೇ ಹೊತ್ತಿಗೆ, 2011ರಲ್ಲಿ ಕಿಲೋಗೆ 200 ರೂಪಾಯಿ ದಾಟಿದ್ದ ರಬ್ಬರ್ ಶೀಟು 100 ರೂಪಾಯಿಗಿಂತ ಕೆಳಗೆ ಬಂದಿತ್ತು. ಚೀನಾದ ಬೇಡಿಕೆ ಕುಗ್ಗಿದ್ದೂ ಇದಕ್ಕೆ ಕಾರಣ. ಅಂದು ಸುಳ್ಯದ ಬೆಳೆಗಾರ ತನ್ನ ಜೀಪಿಗೆ ಅಗ್ಗದ ಡೀಸೆಲ್ ಹಾಕಿಸಿಕೊಂಡು ನಷ್ಟದ ರಬ್ಬರನ್ನು ಪೇಟೆಗೆ ಒಯ್ದ.

ನಿಜವಾಗಿ ಮನೆಯಲ್ಲೇ ಇರಲೆಂದು ಕೂಡಿಟ್ಟ ಎಣ್ಣೆಯೂ ನಿಮ್ಮ ಜಿಲ್ಲೆಯಲ್ಲೇ ಇದೆ. ಆಪತ್ಕಾಲಕ್ಕೆಂದು ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಯುವ ಗುಹೆಗಳನ್ನು ಬಂಡೆಯೊಳಗೆ ಕೊರೆಯಲಾಗಿದೆ. ವಿಶಾಖಪಟ್ಟಣದ್ದು ಸೇರಿದರೆ ಒಟ್ಟು 53.3 ಲಕ್ಷ ಟನ್, ಅಂದರೆ ದೇಶಕ್ಕೆ ಒಂಬತ್ತು–ಹತ್ತು ದಿನದ ಅಗತ್ಯ. ಮಂಗಳೂರಿನ ಗುಹೆಯಲ್ಲಿ 2018ರಲ್ಲಿ ಅಬುಧಾಬಿಯ ಅಡ್ನಾಕ್ ಕಂಪನಿಯೂ ತನ್ನ ಎಣ್ಣೆಯನ್ನು ತಂದು ತುಂಬಿಸಿತು. ಒಡೆತನ ಅವರದು, ಬಂಡೆ ನಮ್ಮದು. ತುರ್ತು ಬಂದರೆ ಅದನ್ನು ಬಳಸುವ ಮೊದಲ ಹಕ್ಕು ಭಾರತದ್ದು ಎಂದು ಒಪ್ಪಂದ.