ವೈಮಾನಿಕನ ಹೃದಯವೂ ಊಟದ ತಟ್ಟೆಯೂ

ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಂತಹ ಊರುಗಳಲ್ಲಿ ಗದ್ದೆಗೆ ನೀರೆತ್ತುವ ಪಂಪನ್ನು ನಾವೆಲ್ಲರೂ ಬಲ್ಲೆವು. ನೀರನ್ನು ಎತ್ತಬೇಕಾದ ಎತ್ತರವು ಹೆಚ್ಚಿದಷ್ಟೂ ಪಂಪು ಒದಗಿಸಬೇಕಾದ ಒತ್ತಡವೂ ಹೆಚ್ಚುತ್ತದೆ. ನಮ್ಮ ಹೃದಯವೂ ಅಂತಹುದೇ ಒಂದು ಪಂಪು. ಯುದ್ಧವಿಮಾನದ ಚಾಲಕನಲ್ಲಿ ಅದು ಹೊರಬೇಕಾದ ಹೊರೆ ಎಷ್ಟೆಂಬುದನ್ನು ಸರಳ ಲೆಕ್ಕದಿಂದಲೇ ತಿಳಿಯಬಹುದು.

ಕುಳಿತವನ ಹೃದಯಕ್ಕೂ ಕಣ್ಣಿಗೂ ನಡುವಣ ಎತ್ತರ ಸುಮಾರು 30 ಸೆಂಟಿಮೀಟರ್. ಅಷ್ಟು ಎತ್ತರದ ರಕ್ತಸ್ತಂಭದ ಒತ್ತಡವು 23 ಮಿಲಿಮೀಟರ್ ಪಾದರಸಕ್ಕೆ ಸಮ. ಹೃದಯದ ಮಟ್ಟದಲ್ಲಿ ಸರಾಸರಿ ಒತ್ತಡ 95 ಮಿಲಿಮೀಟರ್ ಇದ್ದರೆ, ಕಣ್ಣಿನ ಮಟ್ಟದಲ್ಲಿ 72 ಉಳಿಯುತ್ತದೆ. ವಿಮಾನವು ರಭಸದಿಂದ ತಿರುಗುವಾಗ ಚಾಲಕನ ತೂಕವು ನಾಲ್ಕು ಪಟ್ಟಾಯಿತೆನ್ನೋಣ. ಆಗ ರಕ್ತಸ್ತಂಭಕ್ಕೇ 92 ಮಿಲಿಮೀಟರ್ ವ್ಯಯವಾಗುತ್ತದೆ. ಕಣ್ಣಿಗೆ ಕತ್ತಲೆ ಕವಿಯುತ್ತದೆ. ಹೊರೆ ಇನ್ನೂ ಹೆಚ್ಚಿದರೆ ಪ್ರಜ್ಞೆಯೇ ತಪ್ಪುತ್ತದೆ. ಕಾಲು ಹೊಟ್ಟೆಗಳನ್ನು ಅದುಮುವ ಉಡುಪಿನಿಂದಲೂ, ಸ್ನಾಯುಗಳನ್ನು ಬಿಗಿಹಿಡಿಯುವ ಅಭ್ಯಾಸದಿಂದಲೂ ಚಾಲಕರು ಎಂಟೊಂಬತ್ತು ಪಟ್ಟನ್ನೂ ತಾಳಬಲ್ಲರು. 1957ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ, ದೊಡ್ಡ ತಿರುಗುಯಂತ್ರದ ತೋಳಿನ ತುದಿಯಲ್ಲಿ ಕೂರಿಸಿ ಇದನ್ನು ಕಲಿಸುತ್ತಾರೆ.

ಇಲ್ಲಿ ಆಹಾರಕ್ಕೇನು ಕೆಲಸ? ನೀರು ಕುಡಿಯದವನ ರಕ್ತದ ಪರಿಮಾಣವು ತಗ್ಗುತ್ತದೆ. ತಾಳುವ ಶಕ್ತಿಯೂ ತಗ್ಗುತ್ತದೆ. ಹಸಿದ ಹೊಟ್ಟೆಯಲ್ಲಿ ಹಾರುವುದೂ ಹಿತವಲ್ಲ. ಆದರೆ ಹೆಚ್ಚಿನ ಅಪಾಯವು ವರ್ಷಗಟ್ಟಲೆ ಮೌನವಾಗಿ ಬೆಳೆಯುವಂತಹುದು. ಹೃದಯಕ್ಕೇ ರಕ್ತವನ್ನೊಯ್ಯುವ ಧಮನಿಗಳ ಒಳಗೋಡೆಯಲ್ಲಿ ಕೊಬ್ಬು ಸಂಚಯವಾಗುತ್ತದೆ. ಕೊಳವೆಯ ವ್ಯಾಸವು ಅರ್ಧವಾದರೆ, ಒತ್ತಡವು ಬದಲಾಗದಿದ್ದಲ್ಲಿ, ಹರಿವು ಹದಿನಾರರಲ್ಲೊಂದು ಪಾಲಿಗೆ ಇಳಿಯುತ್ತದೆಂಬುದು ಪ್ವಾಸೆಯ ನಿಯಮ. ವಿಶ್ರಾಂತಿಯಲ್ಲಿ ಕಿರುನಾಳಗಳು ಹಿಗ್ಗಿ ಈ ಕೊರತೆಯನ್ನು ಮರೆಮಾಡುತ್ತವೆ. ಶ್ರಮದಲ್ಲಿ ಅದು ಬಯಲಾಗುತ್ತದೆ. ಒಬ್ಬನೇ ಹಾರುವವನಿಗೆ ಆ ಕ್ಷಣವು ಆಕಾಶದಲ್ಲಿ ಬಂದರೆ ನೆರವಿಗೆ ಯಾರೂ ಇಲ್ಲ.

ಇದು ಮುದುಕರ ಕಾಯಿಲೆಯೆಂದು ತಿಳಿಯಬಾರದು. ಕೊರಿಯಾ ಯುದ್ಧದಲ್ಲಿ ಮಡಿದ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವೈದ್ಯರು 1953ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಸೈನಿಕರ ಸರಾಸರಿ ವಯಸ್ಸು 22. ಶೇಕಡಾ 77 ಮಂದಿಯಲ್ಲಿ ಧಮನೀವಿಕಾರದ ಅಲ್ಪಸ್ವಲ್ಪವಾದರೂ ಲಕ್ಷಣಗಳು ಕಂಡಿದ್ದವು.

ವಾಯುಪಡೆಯ ಚಾಲಕನ ಹೃದಯವನ್ನು ವೈದ್ಯರು ಕಾಲಕಾಲಕ್ಕೆ ಪರೀಕ್ಷಿಸುತ್ತಾರೆ. ನಮ್ಮ ನಿಮ್ಮ ಹೃದಯವನ್ನು ಹಾಗೆ ಪರೀಕ್ಷಿಸುವವರಿಲ್ಲ. ಆದುದರಿಂದ ರಾಗಿ, ಬೇಳೆಕಾಳು, ಸೊಪ್ಪು, ಹಣ್ಣುಗಳು ತಟ್ಟೆಯ ಬಹುಪಾಲನ್ನು ತುಂಬಲಿ. ವನಸ್ಪತಿಯಲ್ಲಿ ಕರಿದ ತಿಂಡಿಯೂ ಸಕ್ಕರೆಯೂ ಮಿತವಾಗಿರಲಿ. ಉಪ್ಪು ದಿನಕ್ಕೆ 5 ಗ್ರಾಂ ಮೀರದಿರಲಿ. ತಂಬಾಕು ಬೇಡವೇ ಬೇಡ. ನಾಳೆ ವಿಮಾನವನ್ನೇರುವ ತರುಣನಿಗೂ, ಊರಿನಲ್ಲೇ ನೇಗಿಲು ಹಿಡಿಯುವ ತರುಣನಿಗೂ ಇರುವುದು ಒಂದೇ ಬಗೆಯ ಧಮನಿ.