ಖಾಲಿ ಪಿಕಪ್ಪು, ಜಾರುವ ಏರು

ಹಿಂಗಾರು ಮಳೆಯೂ ಅರೇಬಿಕಾ ಕೊಯ್ಲೂ ಬೆನ್ನುಬೆನ್ನಿಗೆ ಬರುವುದು ನಮ್ಮ ಸೀಮೆಯ ಬೆಳೆಗಾರರಿಗೆ ಹೊಸದೇನಲ್ಲ. ಅಕ್ಟೋಬರ್, ನವೆಂಬರ್ ತಿಂಗಳ ಮಳೆಗೆ ತೋಟದ ದಾರಿ ನೆನೆದಿರುತ್ತದೆ. ಡಿಸೆಂಬರಿನಲ್ಲಿ ಮಳೆ ನಿಂತರೂ ರಾತ್ರಿಯ ಮಂಜಿಗೆ ಮರದಡಿಯ ನೆಲ ಬಿಸಿಲೇರುವವರೆಗೆ ಆರುವುದಿಲ್ಲ. ಚಂದಕವಾಡಿಯಿಂದ ಪುಣಜೂರಿನ ಕಡೆ ಹೊರಟು ಬೇಡಗುಳಿಯ ತೋಟಗಳಿಗೆ ಏರುವವರಿಗೆ ಈ ಕಾಲದ ದಾರಿ ಎಂಥದೆಂದು ಹೇಳಬೇಕಾಗಿಲ್ಲ. ಗೊಬ್ಬರ ಹೇರಿಕೊಂಡ ಪಿಕಪ್ಪು ಏರನ್ನು ತಡೆಯಿಲ್ಲದೆ ಹತ್ತುತ್ತದೆ. ಅದೇ ಗಾಡಿ ಹಣ್ಣು ತರಲು ಖಾಲಿ ಹೊರಟ ದಿನ, ಅದೇ ತಿರುವಿನಲ್ಲಿ ಹಿಂದಿನ ಚಕ್ರ ಗಿರಗಿರನೆ ಸುತ್ತಿ ನಿಂತುಬಿಡುತ್ತದೆ.

ಆಗ ಕೇಳಿಬರುವ ಮಾತು ಒಂದೇ: "ನಾಕ್ ಜನ ಹಿಂದ್ಗಡೆ ಹತ್ಕಳ್ರಪ್ಪ!" ಕೊಯ್ಲಿನ ಆಳುಗಳು ಬಾಡಿಯ ಹಿಂತುದಿಯಲ್ಲಿ ನಿಂತು ಕುಲುಕುತ್ತಾರೆ, ಚಕ್ರ ನೆಲ ಕಚ್ಚುತ್ತದೆ, ಗಾಡಿ ಮೇಲೇರುತ್ತದೆ. ಉಪಾಯ ಸರಿಯಾದದ್ದೇ. ಆದರೆ ಆ ಉಪಾಯಕ್ಕೆ ಮನುಷ್ಯರನ್ನು ಬಳಸುವುದು ಸರಿಯಲ್ಲ. ಆ ಜಾಗಕ್ಕೆ ಬೇಕಾದದ್ದು ಮರಳಿನ ಚೀಲ. ಅದನ್ನು ಎಷ್ಟು, ಎಲ್ಲಿ, ಹೇಗೆ ಹೇರಬೇಕೆಂಬುದನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಇದರ ಹಿಂದಿನ ತತ್ತ್ವ ನಮ್ಮ ಹಿರಿಯರಿಗೆ ತಿಳಿದದ್ದೇ. ಹಗುರವಾದ ಕುಂಟೆ ಮಣ್ಣು ಕಚ್ಚದಿದ್ದರೆ ಅದರ ಮೇಲೊಂದು ಕಲ್ಲು ಹೇರುತ್ತಿದ್ದರು. ಇಂದು ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ನೀರು ತುಂಬಿಸುವುದೂ, ಚಕ್ರಕ್ಕೆ ಎರಕದ ಕಬ್ಬಿಣದ ತೂಕ ಬಿಗಿಯುವುದೂ ಅದಕ್ಕಾಗಿಯೇ. ಹಿಮ ಬೀಳುವ ಅಮೆರಿಕ, ಕೆನಡಾ ದೇಶಗಳ ರೈತರು ಚಳಿಗಾಲ ಬಂತೆಂದರೆ ತಮ್ಮ ಪಿಕಪ್ಪುಗಳಲ್ಲಿ ಮರಳಿನ ಚೀಲ ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಹಿಮವಿಲ್ಲ, ಕೆಸರಿದೆ. ಜಾರುವುದರಲ್ಲಿ ಇದೂ ಅದಕ್ಕೇನೂ ಕಡಿಮೆಯಲ್ಲ.

ಪಿಕಪ್ಪಿನ ಎಂಜಿನ್ ಮುಂದಿದೆ. ಆದರೆ ಸಾಮಾನ್ಯವಾಗಿ ನೂಕುವ ಚಕ್ರಗಳು ಹಿಂದಿನವು. ಖಾಲಿ ಗಾಡಿ 1,600 ಕಿಲೋ ಎಂದಿಟ್ಟುಕೊಳ್ಳೋಣ. ಅದರಲ್ಲಿ 960 ಕಿಲೋ ಮುಂದಿನ ಚಕ್ರಗಳ ಮೇಲೂ 640 ಕಿಲೋ ಹಿಂದಿನ ಚಕ್ರಗಳ ಮೇಲೂ ಬಿದ್ದಿದೆ ಎನ್ನೋಣ. ಚಕ್ರದ ಹಿಡಿತವು ಅದರ ಮೇಲೆ ಬಿದ್ದ ಭಾರಕ್ಕೆ ತಕ್ಕಂತೆ ಇರುತ್ತದೆ. ಹಿಂದಿನ ಆಕ್ಸಲಿನ ನೇರ ಮೇಲೆ 40 ಕಿಲೋದ 4 ಚೀಲ, ಅಂದರೆ 160 ಕಿಲೋ ಇಟ್ಟರೆ ಹಿಂದಿನ ಭಾರ 800 ಕಿಲೋ ಆಗುತ್ತದೆ. ಹಿಡಿತ ಕಾಲು ಪಾಲು ಹೆಚ್ಚಿತು. ಎಂಜಿನ್ ಎಳೆಯಬೇಕಾದ ಒಟ್ಟು ಭಾರ ಹೆಚ್ಚಿದ್ದು ಹತ್ತನೇ ಒಂದು ಪಾಲು ಮಾತ್ರ. ಲಾಭವಿರುವುದು ಈ ವ್ಯತ್ಯಾಸದಲ್ಲಿ. ನಾಲ್ಕೂ ಚಕ್ರಕ್ಕೆ ಗೇರು ಬೀಳುವ ಜೀಪಿನಲ್ಲಿ ಗಾಡಿಯ ಪೂರ್ತಿ ತೂಕವೇ ಕೆಲಸಕ್ಕೆ ಬರುವುದರಿಂದ ಅದಕ್ಕೆ ಈ ಚೀಲಗಳಿಂದ ಹೆಚ್ಚಿನ ಪ್ರಯೋಜನವಿಲ್ಲ.

ಚೀಲ ಇಡುವ ಜಾಗ ತೂಕದಷ್ಟೇ ಮುಖ್ಯ. ಹಿಂಬಾಗಿಲಿಗೆ ಒತ್ತರಿಸಿ ಇಟ್ಟರೆ ಹಿಡಿತ ಇನ್ನೂ ಹೆಚ್ಚುವುದು ನಿಜ, ಆದರೆ ಮುಂದಿನ ಚಕ್ರ ಹಗುರವಾಗುತ್ತದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 10 ಅಡಿ ಅಂತರವಿರುವ ಗಾಡಿಯಲ್ಲಿ, ಆಕ್ಸಲಿನಿಂದ ಎರಡೂವರೆ ಅಡಿ ಹಿಂದಕ್ಕೆ ಇಟ್ಟ 160 ಕಿಲೋ ಭಾರ ಮುಂದಿನ ಚಕ್ರಗಳಿಂದ 40 ಕಿಲೋ ಎತ್ತಿಬಿಡುತ್ತದೆ. ಏರಿನಲ್ಲಿ ಮೊದಲೇ ಭಾರ ಹಿಂದಕ್ಕೆ ವಾಲಿರುತ್ತದೆ. ಸ್ಟೀರಿಂಗ್ ತಿರುಗಿಸಿದರೂ ಗಾಡಿ ತಿರುಗದೆ ಅಂಚಿಗೆ ಹೋಗುವ ಅಪಾಯವಿರುವುದು ಇಂಥ ಕಡೆಯಲ್ಲೇ. ಬಾಡಿಯ ಹಿಂತುದಿಯಲ್ಲಿ ಆಳುಗಳನ್ನು ನಿಲ್ಲಿಸಿದಾಗ ಆಗುವುದೂ ಇದೇ. ಆದ್ದರಿಂದ ಚೀಲಗಳು ಆಕ್ಸಲಿನ ಮೇಲೆ ಅಥವಾ ಸ್ವಲ್ಪ ಮುಂದೆ, ಎಡಬಲ ಸಮವಾಗಿರಲಿ. ಅಲುಗಾಡದಂತೆ ಹಗ್ಗದಿಂದ ಬಿಗಿದಿರಲಿ. ಕಲ್ಲುಗುಂಡು, ಕಬ್ಬಿಣದ ತುಂಡು ಬೇಡ. ಗಟ್ಟಿ ಬ್ರೇಕ್ ಹಾಕಿದಾಗ ಅವು ಕ್ಯಾಬಿನ್ನಿಗೆ ನುಗ್ಗುತ್ತವೆ.

ಮರಳು ತುಂಬುವಾಗಲೂ ಒಂದು ಎಚ್ಚರಿಕೆ ಬೇಕು. 2018ರಿಂದ ಬರುತ್ತಿರುವ ಯೂರಿಯಾ ಚೀಲ 45 ಕಿಲೋದ್ದು. ಅದೇ ಚೀಲಕ್ಕೆ ಬಾಯಿವರೆಗೆ ಮರಳು ತುಂಬಿದರೆ 90 ಕಿಲೋ ದಾಟುತ್ತದೆ; ಎತ್ತುವವನ ಸೊಂಟ ಉಳಿಯುವುದಿಲ್ಲ. ಅರ್ಧಕ್ಕಿಂತ ಕಡಿಮೆ ತುಂಬಿ, ಬಾಯಿ ಹೊಲಿದು, ಮಟ್ಟಸವಾಗಿ ಮಲಗಿಸಿ. ಹೊಳೆಯ ಮರಳೇ ಆಗಬೇಕೆಂದಿಲ್ಲ, ಎಂ ಸ್ಯಾಂಡ್ ಅಥವಾ ಕ್ವಾರಿಯ ಪುಡಿಯೂ ಆದೀತು. ಮರಳಿಗೆ ಇನ್ನೊಂದು ಗುಣವಿದೆ. ಚಕ್ರ ಸುತ್ತತೊಡಗಿದಾಗ ಎರಡು ಬೊಗಸೆ ತೆಗೆದು ಟೈರಿನ ಮುಂದೆ ಚೆಲ್ಲಬಹುದು.

ಎಲ್ಲ ಕೆಸರಿಗೂ ಇದು ಮದ್ದಲ್ಲ. ಅಡಿಯಲ್ಲಿ ಗಟ್ಟಿ ನೆಲವಿದ್ದು ಮೇಲೆ ತೆಳುವಾದ ಜಾರುಮಣ್ಣು, ಪಾಚಿ, ಕೊಳೆತ ಎಲೆ ಇರುವ ಕಾಫಿ ತೋಟದ ದಾರಿಗೆ ಭಾರ ಒಳ್ಳೆಯದು. ಆದರೆ ನೀರು ಹಾಯಿಸಿದ ಅಡಿಕೆ ತೋಟದೊಳಗೆ, ಇಲ್ಲವೇ ನೆನೆದ ಎರೆಮಣ್ಣಿನ ಹೊಲದಲ್ಲಿ ನೆಲವೇ ಮೆತ್ತಗಿರುತ್ತದೆ. ಅಲ್ಲಿ ಭಾರ ಹೆಚ್ಚಿದಷ್ಟೂ ಚಕ್ರ ಹೂತುಹೋಗುತ್ತದೆ. ಅಡಿಕೆ ಗೊನೆ ಹೇರುವವರು ಗಾಡಿಯನ್ನು ಗಟ್ಟಿ ದಾರಿಯಲ್ಲೇ ನಿಲ್ಲಿಸಿ ಗೊನೆಯನ್ನು ಹೊತ್ತು ತರಿಸುವುದೇ ಲೇಸು. ಹಾಗೆಯೇ, ಸವೆದು ಬೋಳಾದ ಟೈರಿಗೆ ಯಾವ ತೂಕವೂ ಹಲ್ಲು ಮೂಡಿಸುವುದಿಲ್ಲ.

ಹತ್ತಿಸಿದ ಭಾರ ಇಳಿಜಾರಿನಲ್ಲಿ ಹೊರೆಯಾಗುತ್ತದೆಂಬುದನ್ನೂ ಮರೆಯಬಾರದು. ತೂಕ ಹೆಚ್ಚಿದ್ದರಿಂದ ಗಾಡಿ ಬೇಗ ನಿಲ್ಲುವುದಿಲ್ಲ. ಬ್ರೇಕಿನ ಕೆಲಸ ಹೆಚ್ಚುತ್ತದೆ. ಹಣ್ಣು ತುಂಬಿದ ಮೇಲೂ ಮರಳು ಉಳಿದರೆ ಆ 160 ಕಿಲೋವನ್ನು ಸರಕಿನ ಲೆಕ್ಕಕ್ಕೆ ಸೇರಿಸಿ ಅಷ್ಟು ಹಣ್ಣು ಕಡಿಮೆ ಹೇರಬೇಕು. ಇದಕ್ಕಿಂತ ಉತ್ತಮ ದಾರಿಗಳು ಎರಡು. ಹೇಗೂ ಮೇಲಕ್ಕೆ ಒಯ್ಯಬೇಕಾದ ಗೊಬ್ಬರ, ಸುಣ್ಣ, ಸಿಮೆಂಟನ್ನು ಖಾಲಿ ಹೋಗುವ ಗಾಡಿಗೇ ಸ್ವಲ್ಪಸ್ವಲ್ಪವಾಗಿ ಹಂಚಿಕೊಳ್ಳುವುದು ಮೊದಲನೆಯದು. ಎರಡನೆಯದು, ಮೇಲೆ ತಲಪಿದ ಮೇಲೆ ಮರಳನ್ನು ತಮ್ಮದೇ ತೋಟದ ಜಾರುವ ತಿರುವಿಗೆ ಸುರಿದು, ಖಾಲಿ ಚೀಲ ಮಡಿಸಿ ತರುವುದು. ಕೊಯ್ಲು ಮುಗಿಯುವಷ್ಟರಲ್ಲಿ ಆ ತಿರುವೇ ರಿಪೇರಿಯಾಗಿರುತ್ತದೆ.

ಇನ್ನು ಆಳುಗಳ ವಿಷಯ. ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಸಂಜೆ ಕಾಡಿನ ದಾರಿಯಲ್ಲಿ ಗಾಡಿ ಹೂತರೆ ಆನೆಯ ಭಯವಿರುವುದರಿಂದ ಎಲ್ಲರಿಗೂ ಅವಸರ. ಆ ಅವಸರದಲ್ಲೇ ಜನರನ್ನು ಹಿಂದೆ ಹತ್ತಿಸುವುದು. ಚಕ್ರ ಥಟ್ಟನೆ ಹಿಡಿತ ಕಂಡು ಗಾಡಿ ಮುಂದಕ್ಕೆ ನೆಗೆದಾಗ ತುದಿಯಲ್ಲಿ ನಿಂತವನು ಬೀಳುವುದು ಹಿಂದಕ್ಕೆ. ಗಾಡಿ ಹಿಮ್ಮುಖವಾಗಿ ಜಾರಿದರೆ ಅವನಿರುವುದು ಅದರ ಹಾದಿಯಲ್ಲೇ. 2024ರ ಮೇ 20ರಂದು ಛತ್ತೀಸಗಢದ ಕವರ್ಧಾ ಜಿಲ್ಲೆಯಲ್ಲಿ ಬೀಡಿ ಎಲೆ ಕಿತ್ತು ಮರಳುತ್ತಿದ್ದ ಬೈಗಾ ಬುಡಕಟ್ಟಿನ ಜನರಿದ್ದ ಪಿಕಪ್ಪು ಕಂದಕಕ್ಕೆ ಉರುಳಿ 19 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಹೆಂಗಸರು. ನಮ್ಮ ತೋಟಗಳಿಗೆ ಬರುವ ಸೋಲಿಗರೂ ಹಾಗೆಯೇ ಕಾಡಿನ ದಾರಿಯಲ್ಲಿ ಬಂದುಹೋಗುವವರು.

ಕಾನೂನಿನ ಮಾತನ್ನೂ ಹೇಳಬೇಕು. ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರ ಸಾವುನೋವಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2002ರ ಡಿಸೆಂಬರಿನಲ್ಲಿ ತೀರ್ಪಿತ್ತಿದೆ. ಆಗ ಪರಿಹಾರದ ಹೊರೆ ಬೀಳುವುದು ಮಾಲೀಕನ ಮೇಲೆ. ಒಂದು ವರ್ಷದ ಬೆಳೆಯಲ್ಲ, ತೋಟವನ್ನೇ ಮಾರಿದರೂ ಸಾಲದೆ ಹೋಗಬಹುದು. ಹಣದ ಲೆಕ್ಕ ಹೀಗಿದ್ದರೆ, ಮನೆಗೆ ಬಾರದ ಒಬ್ಬ ತಾಯಿಯ ಲೆಕ್ಕವನ್ನು ಯಾವ ಖಾತೆಯಲ್ಲಿ ಬರೆಯುವುದು?

ನಾಲ್ಕು ಹಳೆಯ ಚೀಲ, ಒಂದಿಷ್ಟು ಮರಳು, ಒಂದು ಮಾರು ಹಗ್ಗ. ಸದಸ್ಯರು ಈ ಕೊಯ್ಲಿಗೆ ಮುಂಚೆಯೇ ಇಷ್ಟನ್ನು ಗಾಡಿಯ ಬಳಿ ಸಿದ್ಧಮಾಡಿಟ್ಟುಕೊಳ್ಳಬೇಕೆಂದೂ, ಗಾಡಿ ಸಿಕ್ಕಿಕೊಂಡಾಗ ಯಾರನ್ನೂ ಹಿಂದೆ ಹತ್ತಿಸದೆ ಎಲ್ಲರನ್ನೂ ದೂರ ನಿಲ್ಲಿಸುವಂತೆ ಚಾಲಕರಿಗೆ ಕಟ್ಟುನಿಟ್ಟಾಗಿ ತಿಳಿಸಬೇಕೆಂದೂ ವಿನಂತಿ.